ಮಿಶ್ರಲೋಹಗಳಲ್ಲಿ ಲಿಥಿಯಂ ಧಾತುವಿನ ಸ್ಥಾನನಿರ್ಣಯ

೧. ವಿಷಯಪ್ರವೇಶ

ಒಂದು ವಸ್ತುವು ಒಂದು ಸ್ಥಳದಲ್ಲಿ ಕಾಣಲಿಲ್ಲವೆಂಬ ಮಾತ್ರದಿಂದ ಅದು ಅಲ್ಲಿ ಇಲ್ಲವೆಂದು ನಿರ್ಣಯಿಸಬಹುದೇ ಎಂಬ ಪ್ರಶ್ನೆಯು ಶಾಸ್ತ್ರಗಳಲ್ಲಿ ಬಹುಕಾಲದಿಂದ ಚರ್ಚಿತವಾಗಿರುವುದು. ಹಗಲಿನ ಬೆಳಕಿನಲ್ಲಿ ಬರಿನೆಲದ ಮೇಲೆ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ಹೇಳಬಹುದು. ಏಕೆಂದರೆ ಅದು ಅಲ್ಲಿ ಇದ್ದಿದ್ದರೆ ಕಾಣುವುದಕ್ಕೆ ಯೋಗ್ಯವಾಗಿಯೇ ಇರುತ್ತಿತ್ತು. ಕತ್ತಲೆಯ ಕೋಣೆಯಲ್ಲಿ ಅದೇ ಗಡಿಗೆ ಕಾಣದಿದ್ದರೆ ಹಾಗೆ ಹೇಳಲಾಗದು. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುವಾಗ ಅದಕ್ಕೆ ‘ಯೋಗ್ಯ’ವೆಂಬ ವಿಶೇಷಣವನ್ನು ಸೇರಿಸಿದುದು ಈ ಕಾರಣದಿಂದಲೇ. ಕಾಣಲು ಯೋಗ್ಯವಾದುದು ಕಾಣದಿರುವುದು ಮಾತ್ರ ಅಭಾವಕ್ಕೆ ಸಾಧಕ. ಅಯೋಗ್ಯವಾದುದು ಕಾಣದಿರುವುದು ಏನನ್ನೂ ಸಾಧಿಸದು.

ಆಧುನಿಕ ಲೋಹಶಾಸ್ತ್ರದಲ್ಲಿ ಈ ಪ್ರಶ್ನೆಯು ಲಿಥಿಯಂ ಎಂಬ ಮೂಲಧಾತುವಿನ ವಿಷಯದಲ್ಲಿ ಹೊಸರೂಪದಿಂದ ಎದ್ದು ನಿಂತಿದೆ. ವಿಮಾನಗಳ ಒಡಲಿಗೂ ರೆಕ್ಕೆಗಳಿಗೂ ಉಪಯೋಗಿಸುವ ಕೆಲವು ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ತೂಕದಲ್ಲಿ ನೂರಕ್ಕೆ ಒಂದೆರಡು ಭಾಗ ಲಿಥಿಯಂ ಇರುವುದು. ಆ ಸ್ವಲ್ಪ ಭಾಗವು ಲೋಹದೊಳಗೆ ಎಲ್ಲಿ ನೆಲಸಿದೆಯೆಂಬುದನ್ನು ಅವಲಂಬಿಸಿ ಲೋಹವು ಗಟ್ಟಿಯಾಗುವುದು, ಇಲ್ಲವೆ ಬಿರುಕಿಗೆ ಎಡೆಗೊಡುವುದು. ಆದರೆ ಲೋಹಪರೀಕ್ಷಕರು ಇತರ ಧಾತುಗಳ ಸ್ಥಾನವನ್ನು ತಿಳಿಯಲು ಸಾಮಾನ್ಯವಾಗಿ ಬಳಸುವ ಉಪಕರಣಕ್ಕೆ ಲಿಥಿಯಂ ಕಾಣುವುದಿಲ್ಲ. ಹೀಗೆ ಕಾಣದ ಧಾತುವಿನ ಸ್ಥಾನವನ್ನು ನ್ಯಾನೋಮೀಟರಿನ, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದ, ಅಳತೆಯಲ್ಲಿ ನಿರ್ಣಯಿಸಿ ಅದರ ನಕ್ಷೆಯನ್ನು ಬರೆಯುವ ಕ್ರಮಗಳಾವುವು, ಅವುಗಳ ಪ್ರಾಮಾಣ್ಯವೆಷ್ಟು, ಎಂಬುದು ಇಲ್ಲಿ ವಿಚಾರಿಸಲ್ಪಡುವುದು.

೨. ಲಿಥಿಯಂ ಧಾತುವಿನ ಸ್ವರೂಪ

೧೮೧೭ರಲ್ಲಿ ಸ್ವೀಡನ್ ದೇಶದ ಯೋಹಾನ್ ಆಗಸ್ಟ್ ಆರ್ಫ್‌ವೆಡ್‌ಸನ್ ಎಂಬವನು ಬರ್ಜೇಲಿಯಸ್ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಊಟೋ ದ್ವೀಪದ ಪೆಟಲೈಟ್ ಎಂಬ ಕಲ್ಲನ್ನು ಪರೀಕ್ಷಿಸುತ್ತಿರಲು, ಆಗ ತಿಳಿದಿದ್ದ ಕ್ಷಾರಗಳಿಂದ ಲೆಕ್ಕ ಹಾಕಿದರೆ ತೂಕವು ಸರಿಹೊಂದಲಿಲ್ಲ. ಇದರಿಂದ ಅಲ್ಲಿ ಮತ್ತೊಂದು ಕ್ಷಾರವಿರಬೇಕೆಂದು ಅವನು ಊಹಿಸಿದನು. ಕಲ್ಲಿನಲ್ಲಿ ದೊರೆತುದರಿಂದ, ಗ್ರೀಕ್ ಭಾಷೆಯಲ್ಲಿ ಕಲ್ಲೆಂಬರ್ಥದ ಶಬ್ದವನ್ನು ಹಿಡಿದು, ಅದಕ್ಕೆ ಹೆಸರಾಯಿತು. ೧೮೫೫ರಲ್ಲಿ ಬುನ್ಸೆನ್, ಮ್ಯಾಥೀಸೆನ್ ಎಂಬಿಬ್ಬರು ಲಿಥಿಯಂ ಕ್ಲೋರೈಡನ್ನು ಕರಗಿಸಿ ವಿದ್ಯುತ್ತನ್ನು ಹಾಯಿಸಿ ಲೋಹವನ್ನು ಸಾಕಷ್ಟು ಪ್ರಮಾಣದಲ್ಲಿ ಪಡೆದರು. ಈ ಧಾತುವಿನ ಇರವು ಮೊದಲಲ್ಲಿಯೂ ನೇರವಾಗಿ ಕಂಡುದರಿಂದಲ್ಲ, ಲೆಕ್ಕದಲ್ಲಿ ಹೊಂದದುದರಿಂದಲೇ ತಿಳಿದುಬಂದಿತೆಂಬುದು ಗಮನಾರ್ಹವಾಗಿದೆ.

ಲೋಹಗಳಲ್ಲೆಲ್ಲ ಲಿಥಿಯಂ ಅತ್ಯಂತ ಹಗುರವಾದುದು. ಒಂದು ಘನ ಸೆಂಟಿಮೀಟರ್ ಲಿಥಿಯಂ ೦.೫೩ ಗ್ರಾಂ ಮಾತ್ರ ತೂಗುವುದು. ಅಷ್ಟೇ ಅಳತೆಯ ಅಲ್ಯೂಮಿನಿಯಂ ೨.೭೦ ಗ್ರಾಂ ತೂಗುವುದು. ಲಿಥಿಯಂ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಮೂರೇ. ಅವುಗಳಲ್ಲಿ ಎರಡು ಒಳಗಿನ ಆವರಣದಲ್ಲಿಯೂ ಒಂದು ಹೊರಗೂ ಇರುವುವು. ಅಲ್ಯೂಮಿನಿಯಮ್ಮಿಗೆ ತೂಕದಲ್ಲಿ ನೂರಕ್ಕೆ ಒಂದು ಭಾಗ ಲಿಥಿಯಂ ಸೇರಿಸಿದರೆ ಮಿಶ್ರಲೋಹದ ಸಾಂದ್ರತೆಯು ನೂರಕ್ಕೆ ಸುಮಾರು ಮೂರರಷ್ಟು ಕಡಮೆಯಾಗುವುದು. ಬಾಗದೆ ನಿಲ್ಲುವ ಗುಣವನ್ನು ಅಳೆಯುವ ಸ್ಥಿತಿಸ್ಥಾಪಕ ಗುಣಾಂಕವು ನೂರಕ್ಕೆ ಸುಮಾರು ಆರರಷ್ಟು ಹೆಚ್ಚುವುದು. ಸಾಮಾನ್ಯವಾಗಿ ಹಗುರತೆಯೂ ಬಿಗಿತವೂ ಒಟ್ಟಿಗೆ ಬರಲಾರವು. ಲಿಥಿಯಂನಿಂದ ಎರಡೂ ಒಟ್ಟಿಗೆ ಬರುವುದರಿಂದಲೇ ವಿಮಾನನಿರ್ಮಾಪಕರು ಅದನ್ನು ಆದರಿಸಿದರು. ಬೆಂಗಳೂರಿನಲ್ಲಿ ನಿರ್ಮಿತವಾಗಿ ೨೦೦೧ನೆಯ ಜನವರಿ ೪ರಂದು ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ಕಟ್ಟಡದಲ್ಲಿಯೂ ಅಲ್ಯೂಮಿನಿಯಂ-ಲಿಥಿಯಂ ಮಿಶ್ರಲೋಹವು ಸೇರಿದೆ.

ತೂಕದಲ್ಲಿ ನೂರಕ್ಕೊಂದೆಂದರೆ ಬಹಳ ಸ್ವಲ್ಪವೆಂದು ತೋರಬಹುದು. ಆದರೆ ಲಿಥಿಯಂ ಪರಮಾಣುವು ಹಗುರವಾದುದರಿಂದ ಸಂಖ್ಯೆಯಲ್ಲಿ ಅದು ನೂರು ಪರಮಾಣುಗಳಿಗೆ ಸುಮಾರು ನಾಲ್ಕಾಗುವುದು. ಇಷ್ಟೊಂದು ಸಂಖ್ಯೆಯಲ್ಲಿದ್ದರೂ ಕಾಣದಿರುವುದೇ ಇಲ್ಲಿಯ ವಿಶೇಷವು.

೩. ಸ್ಥಾನಜ್ಞಾನದ ಪ್ರಯೋಜನ

ಪ್ರಯೋಜನವನ್ನು ಹೇಳದೆ ಶಾಸ್ತ್ರವನ್ನು ಆರಂಭಿಸಬಾರದಷ್ಟೆ. ಲೋಹದಲ್ಲಿ ಲಿಥಿಯಂ ಎಷ್ಟಿದೆಯೆಂದು ತಿಳಿದರೆ ಸಾಲದೇ, ಎಲ್ಲಿದೆಯೆಂದು ತಿಳಿಯುವುದೇಕೆ, ಎಂಬ ಶಂಕೆಯುಂಟಾಗಬಹುದು. ಇದಕ್ಕೆ ಸಮಾಧಾನವು ಹೀಗಿದೆ.

೧೯೦೬ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬವನು, ತಾಮ್ರವನ್ನೂ ಮೆಗ್ನೀಸಿಯಮ್ಮನ್ನೂ ಸ್ವಲ್ಪ ಬೆರಸಿದ ಅಲ್ಯೂಮಿನಿಯಮ್ಮನ್ನು ಕಾಯಿಸಿ ನೀರಿನಲ್ಲಿ ಅದ್ದಿ ಕೆಲವು ದಿನ ಸುಮ್ಮನೆ ಇಟ್ಟರೆ ಅದು ತಾನಾಗಿ ಗಟ್ಟಿಯಾಗುವುದೆಂದು ಕಂಡನು. ಅದರ ಕಾರಣವು ಆಗ ತಿಳಿಯಲಿಲ್ಲ. ೧೯೩೮ರಲ್ಲಿ ಫ್ರಾನ್ಸಿನ ಗಿನಿಯೇ, ಇಂಗ್ಲೆಂಡಿನ ಪ್ರೆಸ್ಟನ್ ಎಂಬಿಬ್ಬರು ಬೇರೆಬೇರೆಯಾಗಿ ಕ್ಷ-ಕಿರಣಗಳ ಮೂಲಕ ಇದನ್ನು ವಿವರಿಸಿದರು. ಕಾಯಿಸಿದಾಗ ಲೋಹದಲ್ಲಿ ಸಮನಾಗಿ ಕರಗಿದ್ದ ತಾಮ್ರದ ಪರಮಾಣುಗಳು ತಣಿದ ಮೇಲೆ ಅಲ್ಲಲ್ಲಿ ಒಟ್ಟುಗೂಡಿ ಅತಿಸೂಕ್ಷ್ಮವಾದ ಗುಂಪುಗಳಾಗುವುವು. ಲೋಹವು ಬಾಗಬೇಕಾದರೆ ಅದರ ಸ್ಫಟಿಕದೊಳಗೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರಬೇಕು. ಈ ಗುಂಪುಗಳು ಆ ಜಾರುವಿಕೆಗೆ ಅಡ್ಡಬರುವುವು. ಹೀಗೆ ಘನಲೋಹದೊಳಗೇ ಬೇರ್ಪಟ್ಟು ನಿಂತ ಗುಂಪುಗಳನ್ನು ಇಲ್ಲಿ ಪ್ರಕ್ಷೇಪಕಣಗಳೆಂದು ಕರೆಯಲಾಗುವುದು.

ಲಿಥಿಯಂ ಸೇರಿದ ಅಲ್ಯೂಮಿನಿಯಮ್ಮಿನಲ್ಲಿ ಇಂತಹ ಕಣಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಡೆಲ್ಟಾ-ಪ್ರೈಮ್ ಎಂಬ ಹೆಸರಿನದು. ಮೂರು ಅಲ್ಯೂಮಿನಿಯಂ ಪರಮಾಣುಗಳಿಗೆ ಒಂದು ಲಿಥಿಯಂ ಪರಮಾಣುವಿನಂತೆ ಕ್ರಮಬದ್ಧವಾಗಿ ಜೋಡಿಸಲ್ಪಟ್ಟು, ಕೆಲವು ನ್ಯಾನೋಮೀಟರಿನಿಂದ ಕೆಲವು ಹತ್ತು ನ್ಯಾನೋಮೀಟರುಗಳವರೆಗೆ ಅಡ್ಡಳತೆಯುಳ್ಳ ಗೋಲಿಯಂತಿರುವುದು. ಎರಡನೆಯದು ತಾಮ್ರವೂ ಸೇರಿದ ಲೋಹಗಳಲ್ಲಿ ಹುಟ್ಟುವ ಟೀ-ವನ್ ಎಂಬುದು; ಎರಡು ಅಲ್ಯೂಮಿನಿಯಂ, ಒಂದು ತಾಮ್ರ, ಒಂದು ಲಿಥಿಯಂ ಎಂಬ ಪ್ರಮಾಣವುಳ್ಳ ತೆಳ್ಳನೆಯ ಬಿಲ್ಲೆ. ಅದರ ಅಗಲವು ಹತ್ತಾರು ನ್ಯಾನೋಮೀಟರಿನಿಂದ ನೂರಕ್ಕೂ ಮೇಲಿರಬಹುದಾದರೂ ದಪ್ಪವು ಅನೇಕ ವೇಳೆ ಸುಮಾರು ೧.೪ ನ್ಯಾನೋಮೀಟರ್ ಮಾತ್ರ.

ಈ ಎರಡು ಕಣಗಳ ಗುಣವು ಒಂದೇ ಅಲ್ಲ. ಡೆಲ್ಟಾ-ಪ್ರೈಮ್ ಗೋಲಿಯನ್ನು ಜಾರುವ ಪದರವು ಕತ್ತರಿಸಿಕೊಂಡು ಹೋಗಬಲ್ಲುದು. ಒಮ್ಮೆ ಕತ್ತರಿಸಿದ ದಾರಿಯಲ್ಲಿ ಮುಂದಿನ ಜಾರುವಿಕೆಯು ಸುಲಭವಾಗುವುದು. ಆದಕಾರಣ ಜಾರುವಿಕೆಯೆಲ್ಲವೂ ಕೆಲವೇ ಪಟ್ಟಿಗಳಲ್ಲಿ ಒಟ್ಟುಗೂಡಿ, ಆ ಪಟ್ಟಿಗಳು ಸ್ಫಟಿಕಕಣಗಳ ಎಲ್ಲೆಯನ್ನು ಮುಟ್ಟುವಲ್ಲಿ ಬಿರುಕು ಹುಟ್ಟಲು ಅವಕಾಶವಾಗುವುದು. ಇದಲ್ಲದೆ ಆ ಎಲ್ಲೆಯ ಬಳಿಯ ಲಿಥಿಯಂ ಎಲ್ಲೆಗೇ ಸೆಳೆಯಲ್ಪಟ್ಟು ಅಲ್ಲಿ ದಪ್ಪನೆಯ ಬೇರೊಂದು ಸಂಯುಕ್ತವಾಗಿ ನೆಲಸಿದರೆ, ಎಲ್ಲೆಯ ಎರಡು ಕಡೆಯೂ ಕಣಗಳಿಲ್ಲದ ಮೆತ್ತನೆಯ ಅಂಚು ಉಳಿಯುವುದು. ಒಟ್ಟು ಲೋಹವು ಗಟ್ಟಿಯಾಗಿದ್ದರೂ ಆ ಅಂಚು ದುರ್ಬಲವಾಗಿರುವುದು.

ಇದರ ಫಲವನ್ನು ಇತಿಹಾಸದಲ್ಲಿಯೇ ಕಾಣಬಹುದು. ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹೊರಟ ೨೦೨೦ ಎಂಬ ಸಂಖ್ಯೆಯ ಮಿಶ್ರಲೋಹವು ವಿಜಿಲಾಂಟಿ ಎಂಬ ನೌಕಾವಿಮಾನದ ರೆಕ್ಕೆಗಳಲ್ಲಿ ಉಪಯೋಗಕ್ಕೆ ಬಂದರೂ ಬಿರುಕನ್ನು ತಡೆಯುವ ಶಕ್ತಿ ಸಾಲದುದರಿಂದ ಮುಂದೆ ಅದರ ತಯಾರಿಕೆ ನಿಂತಿತು. ೧೯೮೦ರ ದಶಕದ ೮೦೯೦ ಮೊದಲಾದ ಲೋಹಗಳಲ್ಲಿ ಲಿಥಿಯಂ ನೂರಕ್ಕೆ ಎರಡಕ್ಕಿಂತ ಹೆಚ್ಚಾಗಿತ್ತು. ಅವು ಬಹುಕಾಲ ೭೦ ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಲ್ಲಿದ್ದರೆ ಮತ್ತಷ್ಟು ಸಣ್ಣ ಡೆಲ್ಟಾ-ಪ್ರೈಮ್ ಕಣಗಳು ಒಳಗೆ ಹುಟ್ಟಿ, ಬಿರುಕಿಗೆ ಎದುರುನಿಲ್ಲುವ ಶಕ್ತಿಯು ಕುಗ್ಗುತ್ತಿತ್ತು. ಬಿಸಿಲಿನಲ್ಲಿ ನಿಂತ ವಿಮಾನದ ತೊಗಲಿಗೆ ಆ ಬಿಸಿಯು ದೂರದ್ದಲ್ಲ. ಅನಂತರ ಬಂದವುಗಳಲ್ಲಿ ಲಿಥಿಯಮ್ಮನ್ನು ಎರಡಕ್ಕಿಂತ ಕಡಮೆಮಾಡಿ, ಟೀ-ವನ್ ಬಿಲ್ಲೆಗಳನ್ನೇ ಹೆಚ್ಚಾಗಿ ಬೆಳಸುವಂತೆ ಪಾಕವನ್ನು ತಿದ್ದಿದರು. ನೂರಕ್ಕೆ ಸುಮಾರು ಒಂದು ಲಿಥಿಯಂ, ನಾಲ್ಕು ತಾಮ್ರವುಳ್ಳ ೨೧೯೫ ಎಂಬ ಲೋಹದಿಂದ ಮಾಡಿದ ಇಂಧನದ ತೊಟ್ಟಿಯು ೧೯೯೮ನೆಯ ಜೂನ್ ತಿಂಗಳಲ್ಲಿ ಅಮೆರಿಕದ ಬಾಹ್ಯಾಕಾಶನೌಕೆಯೊಡನೆ ಮೊದಲ ಸಲ ಏರಿತು. ಹಿಂದಿನ ತೊಟ್ಟಿಗಿಂತ ಅದು ಸುಮಾರು ೩,೪೦೦ ಕಿಲೋಗ್ರಾಂ ಹಗುರವಾಗಿದ್ದಿತು.

ಲಿಥಿಯಂ ಇದೆಯೆಂಬುದಲ್ಲ, ಯಾವ ರೂಪದಿಂದ ಎಲ್ಲಿದೆಯೆಂಬುದೇ ಲೋಹದ ಗುಣಕ್ಕೆ ಕಾರಣವೆಂಬುದು ಇದರಿಂದ ಸಿದ್ಧವಾಗುವುದು. ಸ್ಥಾನವು ತಪ್ಪಾಗಿ ತಿಳಿದರೆ ಪಾಕವೂ ತಪ್ಪಾಗುವುದು. ಪಾಕವು ತಪ್ಪಿದರೆ ಅದರ ಫಲವನ್ನು ಅನುಭವಿಸುವವರು ವಿಮಾನದಲ್ಲಿ ಕುಳಿತವರು.

೪. ಕಾಣದಿರುವುದಕ್ಕೆ ಕಾರಣ

ಇರುವ ವಸ್ತುವು ಕಾಣದಿರುವುದಕ್ಕೆ ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳು ಎಣಿಸಲ್ಪಟ್ಟಿವೆ. ಅವುಗಳಲ್ಲಿ ನಾಲ್ಕು ಇಲ್ಲಿ ನೇರವಾಗಿ ಅನ್ವಯಿಸುವುವು: ವಸ್ತುವು ಸೂಕ್ಷ್ಮವಾಗಿರುವುದು, ನಡುವೆ ಮರೆಯಿರುವುದು, ಪ್ರಬಲವಾದ ಮತ್ತೊಂದರಿಂದ ಮುಚ್ಚಿಹೋಗುವುದು, ತನ್ನಂತೆಯೇ ಇರುವ ಮತ್ತೊಂದರೊಡನೆ ಬೆರೆತುಹೋಗುವುದು. ಇವಕ್ಕೆ ಕ್ರಮವಾಗಿ ಸೌಕ್ಷ್ಮ್ಯ, ವ್ಯವಧಾನ, ಅಭಿಭವ, ಸಮಾನಾಭಿಹಾರ ಎಂದು ಹೆಸರು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಧಾತುಗಳನ್ನು ಗುರುತಿಸುವ ಪ್ರಸಿದ್ಧಕ್ರಮವು ಕ್ಷ-ಕಿರಣಗಳದು. ವೇಗವುಳ್ಳ ಎಲೆಕ್ಟ್ರಾನ್ ಪರಮಾಣುವಿನ ಒಳಗಿನ ಆವರಣದಿಂದ ಒಂದು ಎಲೆಕ್ಟ್ರಾನನ್ನು ಹೊಡೆದೋಡಿಸಿದರೆ, ಹೊರಗಿನದೊಂದು ಆ ತೆರವಿಗೆ ಇಳಿಯುವುದು. ಇಳಿಯುವಾಗ ಆಯಾ ಧಾತುವಿಗೆ ನಿಯತವಾದ ಶಕ್ತಿಯ ಕ್ಷ-ಕಿರಣವು ಹೊರಡಬಹುದು. ತಾಮ್ರದ ಕಿರಣಕ್ಕೆ ಸುಮಾರು ೮,೦೫೦, ಅಲ್ಯೂಮಿನಿಯಮ್ಮಿನ ಕಿರಣಕ್ಕೆ ಸುಮಾರು ೧,೪೯೦ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯಿರುವುದು. ಪ್ಯಾರಿಸ್ಸಿನಲ್ಲಿ ಕಾಸ್ಟಾಂಗ್ ಎಂಬವನು ೧೯೫೧ರಲ್ಲಿ ಈ ತತ್ತ್ವದ ಉಪಕರಣವನ್ನು ವ್ಯವಸ್ಥಿತವಾಗಿ ನಿರೂಪಿಸಿದನು. ಎಲೆಕ್ಟ್ರಾನುಗಳ ಸಣ್ಣ ಧಾರೆಯನ್ನು ಲೋಹದ ಮೇಲೆ ಸಾಲುಸಾಲಾಗಿ ಹಾಯಿಸುತ್ತ ಪ್ರತಿ ಬಿಂದುವಿನಲ್ಲಿ ಹೊರಡುವ ಕಿರಣವನ್ನು ಎಣಿಸಿದರೆ ಆ ಧಾತುವಿನ ನಕ್ಷೆಯು ದೊರೆಯುವುದು.

ಲಿಥಿಯಂನ ಕಿರಣಕ್ಕಾದರೋ ಸುಮಾರು ೫೪ ಎಲೆಕ್ಟ್ರಾನ್-ವೋಲ್ಟ್ ಮಾತ್ರ ಶಕ್ತಿ. ಅದೂ ವಿರಳ: ಒಳಗಿನ ಆವರಣದಲ್ಲಿ ಹತ್ತು ಸಾವಿರ ತೆರವುಗಳಾದರೆ ಸುಮಾರು ಒಂದರಿಂದ ಮಾತ್ರ ಕಿರಣವು ಹೊರಡುವುದು, ಉಳಿದವುಗಳ ಶಕ್ತಿಯು ಮತ್ತೊಂದು ಎಲೆಕ್ಟ್ರಾನನ್ನು ಹೊರದೂಡುವುದರಲ್ಲಿ ವ್ಯಯವಾಗುವುದು. ಹೊರಗಿರುವ ಒಂದೇ ಎಲೆಕ್ಟ್ರಾನನ್ನೂ ಲಿಥಿಯಂ ಸಂಯುಕ್ತಗಳಲ್ಲಿ ನೆರೆಯ ಪರಮಾಣುವಿಗೆ ಬಿಟ್ಟುಕೊಡುವ ಸ್ವಭಾವವುಳ್ಳದ್ದಾದುದರಿಂದ ತೆರವಿಗೆ ಇಳಿಯುವುದಕ್ಕೆ ಎಲೆಕ್ಟ್ರಾನೇ ದುರ್ಲಭ. ಇದು ಸೌಕ್ಷ್ಮ್ಯ. ಹೊರಟ ಅಲ್ಪಕಿರಣವೂ ಲೋಹದಲ್ಲಿಯೇ ಬೇಗ ಹೀರಲ್ಪಡುವುದು. ಉಳಿದುದು ಗ್ರಾಹಕದ ಮುಂದೆ ನಿರ್ವಾತವನ್ನು ಕಾಪಾಡಲು ಇಟ್ಟ ತೆಳುತೆರೆಯನ್ನು ದಾಟಲಾರದು. ಇದು ವ್ಯವಧಾನ. ಈಚಿನ ವರ್ಷಗಳಲ್ಲಿ ತೆರೆಯಿಲ್ಲದ ಗ್ರಾಹಕಗಳಿಂದಲೂ ವಿಶೇಷವಾದ ರೇಖಾಫಲಕಗಳಿಂದಲೂ ಲಿಥಿಯಂನ ಕಿರಣವನ್ನು ಹಿಡಿದಿರುವರು. ಆದರೆ ಕೆಲವೇ ನ್ಯಾನೋಮೀಟರಿನ ಕಣದಿಂದ ಬರುವ ಕಿರಣಗಳು ನಕ್ಷೆಗೆ ಸಾಲುವಷ್ಟು ದೊರೆಯುವುದು ಕಷ್ಟ.

ಆದುದರಿಂದ ಸಾಮಾನ್ಯ ಕ್ಷ-ಕಿರಣನಕ್ಷೆಯಲ್ಲಿ ಟೀ-ವನ್ ಬಿಲ್ಲೆಯು ತಾಮ್ರದ ಗೆರೆಯಂತೆ ಮಾತ್ರ ತೋರುವುದು. ಡೆಲ್ಟಾ-ಪ್ರೈಮ್ ಗೋಲಿಯು ಬರಿ ಅಲ್ಯೂಮಿನಿಯಂ ಸ್ವಲ್ಪ ಕಡಮೆಯಾದ ಸ್ಥಳದಂತೆ ತೋರುವುದು. ಅದನ್ನು ನೋಡಿ ಲಿಥಿಯಂ ಇಲ್ಲವೆಂದು ಹೇಳುವವನು ಕತ್ತಲೆಯ ಕೋಣೆಯಲ್ಲಿ ಗಡಿಗೆಯಿಲ್ಲವೆಂದವನಿಗೆ ಸಮಾನನು.

೫. ಸ್ಥಾನನಿರ್ಣಯದ ಉಪಾಯಗಳು

ಮೊದಲನೆಯ ಉಪಾಯವು ವ್ಯವಸ್ಥೆಯಿಂದ ಊಹಿಸುವುದು. ಶುದ್ಧ ಅಲ್ಯೂಮಿನಿಯಂ ಸ್ಫಟಿಕದಲ್ಲಿ ಎಲ್ಲ ಸ್ಥಾನಗಳೂ ಸಮಾನ. ಡೆಲ್ಟಾ-ಪ್ರೈಮ್ ಕಣದಲ್ಲಿ ನಾಲ್ಕರಲ್ಲೊಂದು ಸ್ಥಾನವನ್ನು ನಿಯಮದಿಂದ ಲಿಥಿಯಂ ಆಕ್ರಮಿಸುವುದು. ಈ ಭೇದದಿಂದ ಎಲೆಕ್ಟ್ರಾನುಗಳು ಅಲ್ಯೂಮಿನಿಯಂ ಸ್ಫಟಿಕದಲ್ಲಿ ಹೋಗಲಾರದ ಕೆಲವು ದಿಕ್ಕುಗಳಲ್ಲಿಯೂ ಚದರುವುವು. ಆ ದಿಕ್ಕಿನ ಎಲೆಕ್ಟ್ರಾನುಗಳಿಂದ ಮಾತ್ರ ಚಿತ್ರವನ್ನು ರಚಿಸಿದರೆ ಕತ್ತಲೆಯ ಹಿನ್ನೆಲೆಯಲ್ಲಿ ಡೆಲ್ಟಾ-ಪ್ರೈಮ್ ಗೋಲಿಗಳು ನಕ್ಷತ್ರಗಳಂತೆ ಬೆಳಗುವುವು. ಇಲ್ಲಿ ಕಾಣುವುದು ಲಿಥಿಯಂ ಅಲ್ಲ, ಅದು ಉಂಟುಮಾಡಿದ ಕ್ರಮ. ಹೊಗೆಯಿಂದ ಬೆಂಕಿಯನ್ನು ತಿಳಿದಂತೆ ಕಾರ್ಯದಿಂದ ಕಾರಣದ ಅನುಮಾನ. ಕ್ರಮವಿಲ್ಲದೆ ಲೋಹದಲ್ಲಿ ಕರಗಿರುವ ಲಿಥಿಯಂ ಇದಕ್ಕೆ ಗೋಚರವಲ್ಲ.

ಎರಡನೆಯದು ಎಲೆಕ್ಟ್ರಾನುಗಳ ಶಕ್ತಿನಷ್ಟವನ್ನು ಅಳೆಯುವುದು. ೧೯೪೪ರಲ್ಲಿ ಹಿಲಿಯರ್, ಬೇಕರ್ ಎಂಬಿಬ್ಬರು ಅಮೆರಿಕದಲ್ಲಿ ಇದನ್ನು ಆರಂಭಿಸಿದರು. ಕ್ಷ-ಕಿರಣವು ಹೊರಡಲಿ ಬಿಡಲಿ, ಲಿಥಿಯಂನ ಒಳ ಎಲೆಕ್ಟ್ರಾನನ್ನು ಹೊಡೆದ ಧಾರೆಯ ಎಲೆಕ್ಟ್ರಾನ್ ಕನಿಷ್ಠ ೫೫ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯನ್ನು ಕಳೆದುಕೊಂಡೇ ತೆಳುಲೋಹವನ್ನು ದಾಟಬೇಕು. ಕೊಡುವವನ ಬೊಕ್ಕಸವನ್ನು ಎಣಿಸಿ ಪಡೆದವನನ್ನು ಗುರುತಿಸಿದಂತೆ, ದಾಟಿಬಂದ ಎಲೆಕ್ಟ್ರಾನುಗಳ ನಷ್ಟವನ್ನು ಎಣಿಸಿ ಲಿಥಿಯಮ್ಮನ್ನು ಗುರುತಿಸುವರು. ಹತ್ತು ಸಾವಿರದಲ್ಲೊಂದೆಂಬ ತೊಡಕು ಇಲ್ಲಿಲ್ಲ.

ಇಲ್ಲಿ ಉಳಿದೆರಡು ದೋಷಗಳು ಅಡ್ಡಬರುವುವು. ಅಲ್ಯೂಮಿನಿಯಮ್ಮಿನ ಸ್ವತಂತ್ರ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ತೂಗಾಡಿ ಧಾರೆಯಿಂದ ೧೫ ಎಲೆಕ್ಟ್ರಾನ್-ವೋಲ್ಟಿನ ಗಂಟುಗಳಾಗಿ ಶಕ್ತಿಯನ್ನು ಸೆಳೆಯುವುವು. ಈ ತೂಗಾಟಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಲೋಹವು ಸ್ವಲ್ಪ ದಪ್ಪವಾದರೆ ಒಂದೇ ಎಲೆಕ್ಟ್ರಾನ್ ಎರಡು, ಮೂರು, ನಾಲ್ಕು ಸಲ ಹೀಗೆ ಕಳೆದುಕೊಂಡು ೩೦, ೪೫, ೬೦ರಲ್ಲಿ ಗುಡ್ಡಗಳೇಳುವುವು. ನಡುವಿನ ೫೫ರಲ್ಲಿರುವ ಲಿಥಿಯಂನ ಸಣ್ಣ ಮೆಟ್ಟಿಲು ಹಗಲಿನ ನಕ್ಷತ್ರದಂತೆ ಮರೆಯಾಗುವುದು. ಇದು ಅಭಿಭವ. ಲೋಹವನ್ನು ಕೆಲವು ಹತ್ತು ನ್ಯಾನೋಮೀಟರಿನಷ್ಟು ತೆಳುವಾಗಿಸುವುದು ಇದಕ್ಕೆ ಪರಿಹಾರ. ಮೆಗ್ನೀಸಿಯಂ ಇರುವ ಲೋಹದಲ್ಲಿ ಅದರ ಮೆಟ್ಟಿಲು ಸುಮಾರು ೫೧ರಲ್ಲಿಯೇ ತೊಡಗುವುದರಿಂದ ಕೆರೆಯ ನೀರಿನಲ್ಲಿ ಬಿದ್ದ ಮಳೆಹನಿಯಂತೆ ಲಿಥಿಯಂ ಅದರಲ್ಲಿ ಬೆರೆತುಹೋಗುವುದು. ಇದು ಸಮಾನಾಭಿಹಾರ. ಶತ್ರುವಾದ ಪ್ಲಾಸ್ಮಾನನ್ನೇ ಮಿತ್ರನನ್ನಾಗಿ ಮಾಡಿಕೊಳ್ಳುವ ಕ್ರಮವೂ ಉಂಟು: ಅಲ್ಯೂಮಿನಿಯಂ ಪರಮಾಣುವು ಮೂರು ಸ್ವತಂತ್ರ ಎಲೆಕ್ಟ್ರಾನುಗಳನ್ನು ಕೊಟ್ಟರೆ ಲಿಥಿಯಂ ಒಂದನ್ನು ಮಾತ್ರ ಕೊಡುವುದರಿಂದ, ಲಿಥಿಯಂ ಹೆಚ್ಚಿದಲ್ಲಿ ಪ್ಲಾಸ್ಮಾನಿನ ಗಂಟು ೧೫ಕ್ಕಿಂತ ಕೆಳಗಿಳಿಯುವುದು. ಆ ಇಳಿತವನ್ನು ಬಿಂದುಬಿಂದುವಿನಲ್ಲಿ ಅಳೆದರೂ ನಕ್ಷೆಯಾಗುವುದು.

ಮೂರನೆಯದು ಪರಮಾಣುಗಳ ಭಾರವನ್ನು ಹೊಳಪಾಗಿ ತೋರಿಸುವ ಚಿತ್ರ. ವಿಶಾಲಕೋನದಲ್ಲಿ ಚದರಿದ ಎಲೆಕ್ಟ್ರಾನುಗಳ ಸಂಖ್ಯೆಯು ಸ್ಥೂಲವಾಗಿ ಪರಮಾಣುಸಂಖ್ಯೆಯ ವರ್ಗದಂತೆ ಹೆಚ್ಚುವುದು. ಲಿಥಿಯಂನ ಸಂಖ್ಯೆ ೩, ಅಲ್ಯೂಮಿನಿಯಮ್ಮಿನದು ೧೩, ತಾಮ್ರದ್ದು ೨೯. ವರ್ಗಗಳು ೯, ೧೬೯, ೮೪೧. ಆದಕಾರಣ ತಾಮ್ರದ ಸಾಲು ಥಳಥಳಿಸುವುದು, ಅಲ್ಯೂಮಿನಿಯಂ ಮಂಕಾಗಿ ತೋರುವುದು, ಲಿಥಿಯಂನ ಸಾಲು ಕತ್ತಲೆಯಾಗಿಯೇ ಉಳಿಯುವುದು. ಒಂದೇ ಕೋಶದಷ್ಟು ದಪ್ಪವಿರುವ ಟೀ-ವನ್ ಬಿಲ್ಲೆಯ ಪದರಗಳ ಅನುಕ್ರಮವನ್ನು ಇಂತಹ ಚಿತ್ರಗಳಿಂದಲೇ ೨೦೧೧ರ ಸುಮಾರಿನಲ್ಲಿ ವಿವರವಾಗಿ ತಿಳಿದರು. ಆದರೆ ಕತ್ತಲೆಯು ಲಿಥಿಯಮ್ಮಿನದೋ ಬರಿದಾದ ಸ್ಥಾನದ್ದೋ ಎಂಬುದನ್ನು ಚಿತ್ರವೊಂದೇ ಹೇಳಲಾರದು.

ನಾಲ್ಕನೆಯದು ಶೇಷವನ್ನು ಹಿಡಿದು ಊಹಿಸುವುದು. ಒಂದು ಬಿಂದುವಿನಿಂದ ಹಿಂದಕ್ಕೆ ಚಿಮ್ಮುವ ಎಲೆಕ್ಟ್ರಾನುಗಳ ಸಂಖ್ಯೆಯು ಅಲ್ಲಿಯ ಸರಾಸರಿ ಪರಮಾಣುಸಂಖ್ಯೆಯನ್ನು ಹೇಳುವುದು. ಕ್ಷ-ಕಿರಣಗಳು ಕಾಣಬಲ್ಲ ಧಾತುಗಳ ಪ್ರಮಾಣವನ್ನು ಹೇಳುವುವು. ಕಂಡ ಧಾತುಗಳಿಂದಲೇ ಆದುದಾಗಿದ್ದರೆ ಹೊಳಪು ಇಷ್ಟಿರಬೇಕಿತ್ತು, ಇದಕ್ಕಿಂತ ಕಡಮೆಯಿದೆ, ಆದುದರಿಂದ ಉಳಿದುದು ಹಗುರವಾದ ಧಾತು ಎಂಬ ಈ ಯುಕ್ತಿಯು ನೈಯಾಯಿಕರ ಶೇಷವದನುಮಾನವೇ. ಆರ್ಫ್‌ವೆಡ್‌ಸನ್ನನು ಕಲ್ಲಿನಲ್ಲಿ ಲಿಥಿಯಮ್ಮನ್ನು ಕಂಡುದೂ ಈ ದಾರಿಯಿಂದಲೇ ಅಲ್ಲವೆ? ಆದರೆ ಉಳಿದುದು ಲಿಥಿಯಮ್ಮೇ ಎಂದು ಹೇಳಬೇಕಾದರೆ ಬೇರಾವ ಹಗುರಧಾತುವೂ ಅಲ್ಲಿಲ್ಲವೆಂದು ಮೊದಲು ತಿಳಿದಿರಬೇಕು. ಹೆಚ್ಚಾಗಿ ಈ ಕ್ರಮವು ನ್ಯಾನೋಮೀಟರಿಗಿಂತ ದೊಡ್ಡ ಅಳತೆಗೇ ತಕ್ಕುದು.

ಐದನೆಯದು ಪರಮಾಣುಗಳನ್ನೇ ಒಂದೊಂದಾಗಿ ಕಿತ್ತು ಎಣಿಸುವುದು. ೧೯೫೫ನೆಯ ಅಕ್ಟೋಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಎರ್ವಿನ್ ಮ್ಯೂಲರ್ ಎಂಬವನೂ ಅವನ ಶಿಷ್ಯನಾದ ಭಾರತೀಯ ಕನ್ವರ್ ಬಹಾದೂರನೂ ಸೂಜಿಯ ಮೊನೆಯಲ್ಲಿ ಬಿಡಿಬಿಡಿಯಾದ ಪರಮಾಣುಗಳನ್ನು ಮೊದಲ ಬಾರಿಗೆ ಕಂಡರು. ೧೯೬೭ರಲ್ಲಿ ಮ್ಯೂಲರನು ಕಂಡ ಪರಮಾಣುವನ್ನು ಕಿತ್ತು ತೂಗುವ ಉಪಕರಣವನ್ನು ತನ್ನ ಸಹಾಯಕರೊಡನೆ ರಚಿಸಿದನು. ೧೯೮೮ರಲ್ಲಿ ಆಕ್ಸ್‌ಫರ್ಡಿನಲ್ಲಿ ಪರಮಾಣುವಿನ ಸ್ಥಾನವನ್ನೂ ದಾಖಲಿಸುವ ಗ್ರಾಹಕವು ಸೇರಿತು. ಮೊನೆಯ ಅಗಲ ಸುಮಾರು ನೂರು ನ್ಯಾನೋಮೀಟರಿರುವಂತೆ ಲೋಹದ ಸೂಜಿಯನ್ನು ಮಾಡಿ, ಶೂನ್ಯಕ್ಕಿಂತ ಸುಮಾರು ೨೦೦ ಡಿಗ್ರಿಗಿಂತಲೂ ಕೆಳಗೆ ತಣಿಸಿ, ಕೆಲವು ಸಾವಿರ ವೋಲ್ಟುಗಳನ್ನು ಕೊಟ್ಟರೆ ಮೊನೆಯ ಪರಮಾಣುಗಳು ಒಂದೊಂದಾಗಿ ಅಯಾನುಗಳಾಗಿ ಹಾರಿಹೋಗುವುವು. ಹಾರಿದ ಕಾಲದಿಂದ ದ್ರವ್ಯರಾಶಿಯೂ, ಗ್ರಾಹಕವನ್ನು ಮುಟ್ಟಿದ ಬಿಂದುವಿನಿಂದ ಸ್ಥಾನವೂ ತಿಳಿಯುವುವು. ಲಿಥಿಯಂ ೬, ೭ ಎಂಬ ಸಂಖ್ಯೆಗಳಲ್ಲಿ ಬೇರೆಯಾಗಿಯೇ ನಿಲ್ಲುವುದು; ಅಲ್ಯೂಮಿನಿಯಂ ೨೭, ೧೩.೫, ೯ ಎಂಬಲ್ಲಿ ಬರುವುದು. ಹಗುರವಾದ ಧಾತುವಿಗೂ ಭಾರವಾದುದಕ್ಕೂ ಇಲ್ಲಿ ಸಮಾನ ಮರ್ಯಾದೆ.

ಇವಲ್ಲದೆ, ಅಯಾನುಗಳ ಧಾರೆಯಿಂದ ಲೋಹವನ್ನು ಕೆರೆದು ಚಿಮ್ಮಿದ ಅಯಾನುಗಳನ್ನು ತೂಗುವ ಕ್ರಮದಲ್ಲಿಯೂ ಲಿಥಿಯಂ ಬಹಳ ಸುಲಭವಾಗಿ ತೋರುವುದು. ಸಾಮಾನ್ಯವಾಗಿ ಸುಮಾರು ೫೦ ನ್ಯಾನೋಮೀಟರಿನವರೆಗೆ ಅದರ ದೃಷ್ಟಿ. ಲಿಥಿಯಂ-೬ ಎಂಬ ಸಮಸ್ಥಾನಿಯು ನ್ಯೂಟ್ರಾನನ್ನು ನುಂಗಿ ಒಡೆಯುವ ಗುಣದಿಂದಲೂ ಲಿಥಿಯಂನ ಆಳವನ್ನು ಅಳೆಯುವರು, ಅದರ
ಅಳತೆಯು ಮತ್ತಷ್ಟು ದಪ್ಪನೆಯದು.

೬. ಪೂರ್ವಪಕ್ಷ ಮತ್ತು ಸಿದ್ಧಾಂತ

ಹಾಗಾದರೆ ಪರಮಾಣುಗಳನ್ನು ಒಂದೊಂದಾಗಿ ಎಣಿಸುವ ಐದನೆಯ ಉಪಾಯವೊಂದೇ ಸಾಲದೇ, ಅದು ಪ್ರತ್ಯಕ್ಷವಲ್ಲವೇ, ಮಿಕ್ಕ ಅನುಮಾನಗಳ ಗೊಡವೆ ಏಕೆ, ಎಂದು ಪೂರ್ವಪಕ್ಷಿಯು ಕೇಳಬಹುದು. ಈ ಪಕ್ಷವು ಮೂರು ಕಾರಣಗಳಿಂದ ನಿಲ್ಲುವುದಿಲ್ಲ.

ಮೊದಲನೆಯದಾಗಿ, ಎಲ್ಲ ಧಾತುಗಳೂ ಒಂದೇ ಸೆಳೆತಕ್ಕೆ ಕೀಳುವುದಿಲ್ಲ. ಲೆಕ್ಕದಂತೆ ಲಿಥಿಯಮ್ಮಿಗೆ ಒಂದು ನ್ಯಾನೋಮೀಟರಿಗೆ ಸುಮಾರು ೧೪ ವೋಲ್ಟ್, ಅಲ್ಯೂಮಿನಿಯಮ್ಮಿಗೆ ೧೯, ತಾಮ್ರಕ್ಕೆ ೩೦ ಬೇಕಾಗುವುದು. ಆದ್ದರಿಂದ ಲಿಥಿಯಂ ಹೆಚ್ಚಾಗಿರುವ ಕಣವು ಸುತ್ತಲಿನ ಲೋಹಕ್ಕಿಂತ ಬೇಗ ಸವೆದು ಚಪ್ಪಟೆಯಾಗಿ, ಅಲ್ಲಿಂದ ಹಾರಿದ ಅಯಾನುಗಳ ದಾರಿ ಓರೆಯಾಗುವುದು. ನಕ್ಷೆಯಲ್ಲಿ ಕಣದ ಆಕಾರವೂ ಅಂಚೂ ವಿಕಾರವಾಗುವುವು. ಪ್ರಬಲವಾದ ವಿದ್ಯುತ್‌ಕ್ಷೇತ್ರದಲ್ಲಿ ಲಿಥಿಯಂ ಮೊನೆಯ ಮೇಲೆಯೇ ಸರಿದಾಡುವ ಸಂಭವವೂ ಉಂಟು. ಹಾರಿದ ಅಯಾನುಗಳೆಲ್ಲವೂ ಗ್ರಾಹಕಕ್ಕೆ ಸಿಕ್ಕುವುದಿಲ್ಲ. ಉಪಕರಣಭೇದದಿಂದ ನೂರಕ್ಕೆ ಸುಮಾರು ನಾಲ್ವತ್ತರಿಂದ ಎಂಬತ್ತು ಮಾತ್ರ ಸಿಕ್ಕುವುವು.

ಎರಡನೆಯದಾಗಿ, ಸೂಜಿಯನ್ನು ಮಾಡುವ ಕೆಲಸವೇ ಲಿಥಿಯಮ್ಮನ್ನು ಕದಲಿಸಬಹುದು. ಈ ಧಾತುವು ಗಾಳಿಯ ತೇವದೊಡನೆ ಬೇಗ ಕೂಡುವುದು. ಕಾಯಿಸಿದರೆ ಲೋಹದ ಮೇಲ್ಮೈಯಿಂದ ತಪ್ಪಿಸಿಕೊಳ್ಳುವುದು. ಸೂಜಿಯನ್ನು ಕೆತ್ತಲು ಸಾಮಾನ್ಯವಾಗಿ ಬಳಸುವ ಗ್ಯಾಲಿಯಂ ಅಯಾನುಗಳು ಅಲ್ಯೂಮಿನಿಯಮ್ಮಿನ ಸ್ಫಟಿಕಗಳ ಎಲ್ಲೆಗಳೊಳಗೆ ನುಗ್ಗಿ ನೆಲಸುವುವು. ಪರೀಕ್ಷೆಗೆ ಮುಖ್ಯವಾದುದು ಆ ಎಲ್ಲೆಯೇ ಆಗಿದ್ದರೆ ಪರೀಕ್ಷಕನು ತನ್ನ ಕೈಯ ಗುರುತನ್ನೇ ಓದುವಂತಾಗುವುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೂ ಈ ದೋಷಕ್ಕೆ ಹೊರತಲ್ಲ. ಧಾರೆಯ ಪೆಟ್ಟಿಗೆ ಹಗುರವಾದ ಪರಮಾಣುವೇ ಮೊದಲು ಸ್ಥಾನಬಿಡುವುದು.

ಮೂರನೆಯದಾಗಿ, ವ್ಯಾಪ್ತಿಯು ದುರ್ಲಭ. ಐವತ್ತು ನ್ಯಾನೋಮೀಟರ್ ಅಗಲ, ಇನ್ನೂರು ನ್ಯಾನೋಮೀಟರ್ ಉದ್ದದ ಭಾಗವನ್ನು ಎಣಿಸಿದರೆ ಅದರಲ್ಲಿ ಎರಡು ಕೋಟಿಗೂ ಮೀರಿದ ಪರಮಾಣುಗಳಿರುವುವು. ಸಂಖ್ಯೆಯು ಬೆರಗುಗೊಳಿಸುವುದು ನಿಜ. ಆದರೆ ಒಂದು ಘನ ಮಿಲಿಮೀಟರ್ ಲೋಹದಲ್ಲಿ ಅಂತಹ ಭಾಗಗಳು ಎರಡು ಲಕ್ಷ ಕೋಟಿಗಿಂತ ಹೆಚ್ಚು. ಒಂದು ಅಗುಳನ್ನು ಹಿಸುಕಿ ಅನ್ನದ ಹದವನ್ನು ತಿಳಿಯುವ ನ್ಯಾಯವು ಅನ್ನವೆಲ್ಲ ಒಂದೇ ಬೆಂಕಿಯಲ್ಲಿ ಸಮನಾಗಿ ಬೆಂದಿದ್ದರೆ ಮಾತ್ರ ಸಲ್ಲುವುದು. ದಪ್ಪನೆಯ ಲೋಹದ ಹಲಗೆಯು ಹೊರಗೂ ಒಳಗೂ ಸಮನಾಗಿ ಕಾದು ತಣಿದಿರುವುದಿಲ್ಲ.

ಆದುದರಿಂದ ಸಿದ್ಧಾಂತವೇನೆಂದರೆ, ಒಂದೇ ಉಪಾಯದ ನಕ್ಷೆಯು ಸ್ವತಃ ಪ್ರಮಾಣವಲ್ಲ. ಬೇರೆಬೇರೆ ದೋಷಗಳುಳ್ಳ ಉಪಾಯಗಳು ಒಂದೇ ಮಾತನ್ನು ಹೇಳಿದಾಗ, ಆ ಸಂವಾದದಿಂದ ನಿರ್ಣಯವು ದೃಢವಾಗುವುದು. ಒಂದೇ ದೋಷವುಳ್ಳ ಹತ್ತು ಸಾಕ್ಷಿಗಳಿಗಿಂತ ಪರಸ್ಪರ ಸಂಬಂಧವಿಲ್ಲದ ಇಬ್ಬರು ಸಾಕ್ಷಿಗಳು ಮೇಲು.

ಇದಕ್ಕೆ ಒಂದು ಒಳ್ಳೆಯ ಉದಾಹರಣೆಯುಂಟು. ಅಲ್ಯೂಮಿನಿಯಮ್ಮಿಗೆ ಲಿಥಿಯಂನೊಡನೆ ಸ್ವಲ್ಪ ಸ್ಕ್ಯಾಂಡಿಯಮ್ಮನ್ನೂ ಸೇರಿಸಿ ಎರಡು ಹಂತದಲ್ಲಿ ಕಾಯಿಸಿದರೆ, ತಿರುಳು-ಸಿಪ್ಪೆಗಳುಳ್ಳ ಹಣ್ಣಿನಂತಹ ಕಣಗಳು ಹುಟ್ಟುವುವು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದವರು ೨೦೦೮ರಲ್ಲಿ ಪರಮಾಣುಗಳನ್ನು ಕಿತ್ತೆಣಿಸುವ ಕ್ರಮದಿಂದ, ಸ್ಕ್ಯಾಂಡಿಯಂ ತಿರುಳಿನಲ್ಲಿಯೂ ಲಿಥಿಯಂ ಸಿಪ್ಪೆಯಲ್ಲಿಯೂ ಇರುವುದನ್ನು ಪ್ರಕಟಿಸಿದರು. ೨೦೧೧ರಲ್ಲಿ ಬರ್ಕಲಿಯವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಮುಖ್ಯವಾಗಿ ಹಿಡಿದು ಪರೀಕ್ಷಿಸಿ, ಇಂತಹ ಕಣಗಳ ತಿರುಳಿನಲ್ಲಿ ಸ್ಕ್ಯಾಂಡಿಯಂನೊಡನೆ ಲಿಥಿಯಮ್ಮೂ ಸೇರಿದೆ, ಸಿಪ್ಪೆಯು ಲಿಥಿಯಂಪ್ರಧಾನವಾಗಿದೆ, ಕಣಗಳೆಲ್ಲವೂ ಬಹುಮಟ್ಟಿಗೆ ಒಂದೇ ಗಾತ್ರದವು ಎಂದು ತೋರಿಸಿದರು. ಒಂದರಲ್ಲಿ ಸೆಳೆತದ ದೋಷ, ಇನ್ನೊಂದರಲ್ಲಿ ಹೊಳಪಿನ ದೋಷ. ಎರಡು ದೋಷಗಳೂ ಬೇರೆಯಾಗಿದ್ದು ಫಲವು ಒಂದಾದುದರಿಂದ ಸಿಪ್ಪೆಯು ಉಪಕರಣದ ಭ್ರಮೆಯಲ್ಲ, ಲೋಹದ ಸ್ವಭಾವವೇ ಎಂಬುದು ಸಿದ್ಧವಾಯಿತು.

೭. ಉಪಸಂಹಾರ

ಲಿಥಿಯಂನ ನಕ್ಷೆಯನ್ನು ಓದುವವನು ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಈ ಉಪಕರಣಕ್ಕೆ ಲಿಥಿಯಂ ಕಾಣಲು ಯೋಗ್ಯವೇ? ಕಾಣುವುದಾದರೆ ಕಂಡುದು ಲಿಥಿಯಮ್ಮೋ, ಅದರ ಕಾರ್ಯವೋ, ಲೆಕ್ಕದ ಶೇಷವೋ? ನಕ್ಷೆಗಾಗಿ ಲೋಹವನ್ನು ಸಿದ್ಧಪಡಿಸುವಾಗ ಲಿಥಿಯಂ ಕದಲಿಲ್ಲವೆಂಬುದಕ್ಕೆ ಆಧಾರವೇನು? ಬೇರೆ ದೋಷವುಳ್ಳ ಮತ್ತೊಂದು ಉಪಾಯವು ಇದೇ ಮಾತನ್ನು ಹೇಳಿರುವುದೇ? ಈ ನಾಲ್ಕಕ್ಕೂ ಉತ್ತರವಿರುವ ನಕ್ಷೆಯು ಪಾಕವನ್ನು ತಿದ್ದುವವನಿಗೆ ಕೈದೀವಿಗೆ. ಉತ್ತರವಿಲ್ಲದುದು ಎಷ್ಟು ವರ್ಣಮಯವಾಗಿದ್ದರೂ ಚಿತ್ರ ಮಾತ್ರ.

ವಿಶೇಷವಾಗಿ ನಕ್ಷೆಯ ಬರಿದಾದ ಭಾಗದಲ್ಲಿ ಎಚ್ಚರಿಕೆ ಬೇಕು. ಸ್ಫಟಿಕಗಳ ಎಲ್ಲೆಯ ಪಕ್ಕದ ಮೆತ್ತನೆಯ ಅಂಚಿನಲ್ಲಿ ಲಿಥಿಯಂ ನಿಜವಾಗಿಯೂ ಇಲ್ಲದಿರುವುದು ಒಂದು. ಇದ್ದೂ ಕಾಣದಿರುವುದು ಮತ್ತೊಂದು. ಮೊದಲನೆಯದು ಲೋಹದ ದೋಷ, ಅದಕ್ಕೆ ಪಾಕದಲ್ಲಿ ಪರಿಹಾರವುಂಟು. ಎರಡನೆಯದು ದೃಷ್ಟಿಯ ದೋಷ, ಅದಕ್ಕೆ ಪಾಕವನ್ನು ಬದಲಾಯಿಸಿದರೆ ಒಳ್ಳೆಯ ಲೋಹವೂ ಕೆಡುವುದು. ಇವೆರಡನ್ನು ಬೇರ್ಪಡಿಸಿ ತಿಳಿಯುವುದಕ್ಕಾಗಿಯೇ ಇಷ್ಟು ಉಪಾಯಗಳ ಪ್ರಯಾಸವು.